ಗಾಳಿಕಿಂಡಿ

"ಬಿಸಿ ಬಂತೇನಮ್ಮಾ ಮೇಲಕ್ಕೆ?"

ಕೆಳಗಿನಿಂದ ಹಸೀಬ್ ಕೂಗಿದ. ನೆಲಕ್ಕೆ ಕೂರಿಸಿದ್ದ ಕಬ್ಬಿಣದ ಜಾಲರಿಯ ತೂತುಗಳಿಂದ ಅವನ ಸ್ವರ ಹೊಗೆಯ ಹಾಗೆ ಎದ್ದು ಬಂತು.

ಬೆಹಿಯಾ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗಾಲಿನ ಉಣ್ಣೆಯ ಕಾಲುಚೀಲ ಕಳಚಿದಳು. ಅರವತ್ತೆರಡು ವರ್ಷದ ಬಾಳಿನಲ್ಲಿ ಅವಳು ಜನವರಿ ತಿಂಗಳಲ್ಲಿ ಬರಿಗಾಲನ್ನು ಸಿಮೆಂಟಿನ ಮೇಲೆ ಇಟ್ಟವಳಲ್ಲ. ತಣ್ಣನೆಯ ನೆಲ ಅಂಗಾಲಿನಿಂದ ಹತ್ತಿ ಹೆಂಗಸಿನ ಗರ್ಭಕ್ಕೇ ಏರುತ್ತದೆ ಎಂದು ಅವಳ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ. ಆ ಊರಿನಲ್ಲಿ ಬರಿಗಾಲಲ್ಲಿ ಓಡಾಡುವ ಹೆಣ್ಣುಮಗುವನ್ನು ಕಂಡರೆ ದಾರಿಹೋಕರೂ ನಿಂತು ಗದರುತ್ತಿದ್ದರು.

ಅವಳು ಪಾದ ಊರಿದಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ, ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ತೂರಿಸಿದ ಹಾಗೆ, ಮೆಲ್ಲಗೆ ಬೆಚ್ಚಗಾಯಿತು.

"ಬಂತು! ಬಂತು ಹಸೀಬಣ್ಣ!"

"ಬರದೆ ಎಲ್ಲಿಗೆ ಹೋಗುತ್ತೆ? ಐವತ್ತು ವರ್ಷದಿಂದ ಬೆಂಕಿಗೆ ದಾರಿ ತೋರಿಸ್ತಾ ಇದೀನಿ. ಬೆಂಕಿ ನನ್ನ ಮಾತು ಕೇಳುತ್ತೆ. ಕೇಳದೆ ಇರೋಳು ನನ್ನ ಹೆಂಡ್ತಿ ಒಬ್ಳೇ."

ಬೆಹಿಯಾಳಿಗೆ ನಗುವಿನ ಜೊತೆಗೇ ಕಣ್ಣಲ್ಲಿ ನೀರು ಬಂತು. ಕಾಲುಚೀಲ ಹಾಕಿಕೊಂಡು, ಖಾಲಿ ತೊಟ್ಟಿಲನ್ನು ಒಂದು ಸಲ ತೂಗಿ ನೋಡಿದಳು.

ಆ ಕೋಣೆಯನ್ನು ಮೂರು ಬೇಸಿಗೆಯ ಹಿಂದೆ ಮಗ ರೀಫೆತ್ ತನ್ನ ಕೈಯಾರೆ ಕಟ್ಟಿದ್ದ. ಬೆಟ್ಟದ ಇಳಿಜಾರಿನ ಹಳೆಯ ಮನೆಗೆ ಒತ್ತಿಕೊಂಡಂತೆ ಕೆಳಗೊಂದು ಗ್ಯಾರೇಜು, ಅದರ ತಲೆಯ ಮೇಲೆ ಮದುವೆಯಾದವರಿಗೊಂದು ಕೋಣೆ. ಗೋಡೆಗೆ ಸುಣ್ಣ ಬಳಿದರು, ಕಿಟಕಿಗೆ ಕಸೂತಿಯ ಪರದೆ ಬಂತು, ಎಲ್ಲ ಚೆನ್ನಾಗಿತ್ತು, ನೆಲವೊಂದನ್ನು ಬಿಟ್ಟು. ಗ್ಯಾರೇಜಿನ ಚಳಿಯೆಲ್ಲ ಆ ಕಾಂಕ್ರೀಟಿನಲ್ಲಿ ಬಂದು ಕೂತುಬಿಡುತ್ತಿತ್ತು. ಎರಡು ಜಮಖಾನ ಹಾಸಿದರೆ ಎರಡೂ ತಣ್ಣಗಾಗುತ್ತಿದ್ದವು. ಹೋದ ಚಳಿಗಾಲ ಗಂಡ ಹೆಂಡತಿ ಕೋಟು ತೊಟ್ಟೇ ಮಲಗಿ, ಫೆಬ್ರವರಿಯಲ್ಲಿ ಸೊಸೆ ಮೀನೆಲಾಳ ತವರಿಗೆ ಎರಡು ವಾರಕ್ಕೆಂದು ಹೋದವರು, ಮರಳಿದ್ದು ಪ್ಲಮ್ ಮರಗಳು ಹೂ ಬಿಟ್ಟ ಮೇಲೆ. ಮೀನೆಲಾಳ ತಾಯಿ ಮುಬೇರಾ ಇದ್ದದ್ದು ಪೇಟೆಯ ಫ್ಲಾಟಿನಲ್ಲಿ, ನಾಲ್ಕನೆಯ ಮಹಡಿ. ಅಲ್ಲಿ ಬಿಸಿನೀರಿನ ಕೊಳವೆ ಗೋಡೆಯುದ್ದಕ್ಕೂ ಹರಿಯುತ್ತಿತ್ತು.

"ಕೆಳಗೆ ಕಾರು, ಮೇಲೆ ಸೊಸೆ," ಎಂದು ಮುಬೇರಾ ನೆಂಟರ ಮುಂದೆ ನಗುತ್ತಿದ್ದಳು. "ಕಾರಿಗಾದ್ರೂ ಚಳಿಗಾಲಕ್ಕೆ ಬೇರೆ ಎಣ್ಣೆ ಹಾಕ್ತಾರೆ."

ಹೋದ ವಾರ ಆಸ್ಪತ್ರೆಯಲ್ಲಿ ಮೊಮ್ಮಗಳು ಹುಟ್ಟಿದ ಗಳಿಗೆಯಿಂದ ಅದೇ ಮಾತು. ಹೆತ್ತವಳು ನಲವತ್ತು ದಿನ ಹೊಸ್ತಿಲು ದಾಟಬಾರದು. ಸರಿ, ಆದರೆ ಯಾವ ಮನೆಯ ಹೊಸ್ತಿಲು? ಕೊನೆಗೆ ಮೀನೆಲಾಳೇ ಹಾಸಿಗೆಯಿಂದ ಹೇಳಿದ್ದಳು, "ಅತ್ತೆ, ಕೋಣೆ ಬೆಚ್ಚಗಿದ್ರೆ ನಾನು ಅಲ್ಲೇ ಇರ್ತೀನಿ. ಹೋದ ವರ್ಷದ ಹಾಗಾದ್ರೆ ಮಾತ್ರ ನನ್ನ ತಡೀಬೇಡಿ. ಮಗು ಇದೆ." ಮುಬೇರಾ ತಕ್ಷಣ, "ಗುರುವಾರ ನಾನೇ ಬಂದು ನೆಲ ಮುಟ್ಟಿ ನೋಡ್ತೀನಿ," ಎಂದಿದ್ದಳು. ಬೆಹಿಯಾಳ ಗಂಡ ನುಸ್ರೆತ್ ಎಲ್ಲರೆದುರು ಎದೆ ಮುಟ್ಟಿ, ಕೋಣೆ ಬೆಚ್ಚಗಾಗದಿದ್ದರೆ ತಾನೇ ಕಾರಿನಲ್ಲಿ ಕೂರಿಸಿ ಬೀಗಿತ್ತಿಯ ಮನೆಗೆ ಬಿಟ್ಟುಬರುವುದಾಗಿ ಮಾತು ಕೊಟ್ಟುಬಿಟ್ಟಿದ್ದ. ಹುಟ್ಟಿದ ಮೊದಲ ನಲವತ್ತು ದಿನ ಕೂಸು ಯಾರ ಮನೆಯ ಗಾಳಿ ಕುಡಿಯುತ್ತದೋ ಆ ಮನೆಯದಾಗುತ್ತದೆ ಎಂಬುದು ಬೆಹಿಯಾ ನಂಬಿದ ಮಾತು. ಒಬ್ಬನೇ ಮಗ, ಅವನೂ ಲಾರಿ ಹತ್ತಿ ಆಸ್ಟ್ರಿಯಾ ಕಡೆ ಹೋದರೆ ಹತ್ತು ದಿನ ಮುಖ ಕಾಣದು; ಈಗಲೂ ಅಲ್ಲೇ ಇದ್ದ. ಈ ಕೂಸೂ ಪೇಟೆಯದಾಗಿಬಿಟ್ಟರೆ?

ಆದ್ದರಿಂದಲೇ ಹಸೀಬ್. ಬೇಸಿಗೆಯಲ್ಲಿ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದ ಹಳೆಯ ಕಬ್ಬಿಣದ ಒಲೆಯನ್ನು ಗ್ಯಾರೇಜಿನೊಳಗೆ ತಂದು, ಹೊಗೆಕೊಳವೆಯನ್ನು ಗೋಡೆಯಾಚೆ ಬಿಟ್ಟು, ಮೇಲಿನ ನೆಲ ಕೊರೆದು ಜಾಲರಿ ಕೂರಿಸಿದ್ದ. ಬಿಸಿ ಕೆಳಗಿನಿಂದ ನೆಲವನ್ನೂ ಕಾಯಿಸಬೇಕು, ಜಾಲರಿಯಿಂದ ಕೋಣೆಗೂ ಏರಬೇಕು.

ಬೆಹಿಯಾ ತಾಮ್ರದ ಪಾತ್ರೆಯಲ್ಲಿ ಕಾಫಿ ಕಾಯಿಸಿ, ಎರಡು ತುಂಡು ಸಕ್ಕರೆ ಇಟ್ಟು ಕೆಳಗೆ ಒಯ್ದಳು. ಹಸೀಬ್ ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿಯನ್ನು ಪಕ್ಕಕ್ಕೆ ಉರುಳಿಸಿ, ಗೋಡೆಯ ಬುಡದಲ್ಲಿ ಎರಡು ಇಟ್ಟಿಗೆಯಷ್ಟು ಅಗಲದ ಕಿಂಡಿಯ ಅಂಚಿಗೆ ಗಾರೆ ಮೆತ್ತುತ್ತಿದ್ದ. ಆಚೆಯ ಹಿಮ ಅದರಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಇದೇನು ಹಸೀಬಣ್ಣ, ಒಂದು ಕಡೆ ಬಿಸಿ ಮಾಡೋದು, ಇನ್ನೊಂದು ಕಡೆ ಗೋಡೆಗೆ ತೂತು ಹಾಕೋದು?"

ಮುದುಕ ಕೈ ಒರೆಸಿಕೊಂಡ. "ಇಲ್ಲಿ ಕೇಳು ತಂಗೀ. ಆ ಜಾಲರಿ ನನಗೆ ಇಷ್ಟ ಇರ್ಲಿಲ್ಲ. ನಿನ್ನ ಗಂಡ ಹಟ ಹಿಡಿದ. ಈಗ ನೋಡಿದ್ರೆ ಗ್ಯಾರೇಜಿನ ಬಾಗಿಲಿಗೆಲ್ಲ ಕಂಬಳಿಪಟ್ಟಿ ಬಡಿದು ಬಿಗಿ ಮಾಡಿಟ್ಟಿದಾನೆ, ಇರುವೆ ಕೂಡ ನುಗ್ಗದ ಹಾಗೆ. ಒಲೆಗೂ ಉಸಿರು ಬೇಕು. ಈ ಕಿಂಡಿ ಅದರ ಮೂಗು. ಇದನ್ನ ಮುಚ್ಚಿದ್ರೆ ಅದು ನಿಮ್ಮ ಉಸಿರಿಗೇ ಕೈ ಹಾಕುತ್ತೆ."

"ಇಷ್ಟು ದೊಡ್ಡ ಮೂಗಾ?"

"ನನ್ನ ಮೂಗಿಗಿಂತ ಸಣ್ಣದೇ." ಅವನು ಕಾಫಿಗೆ ಕೈ ಚಾಚಿದ. "ನಗಬೇಡ. ನುಸ್ರೆತ್‌ಗೂ ಹೇಳಿಬಿಡು."

ನುಸ್ರೆತ್ ಆಗಲೇ ಆಸ್ಪತ್ರೆಗೆ ಹೊರಟುಹೋಗಿದ್ದ. ಹೇಳುತ್ತೇನೆ ಎಂದಳು ಬೆಹಿಯಾ. ಅಷ್ಟರಲ್ಲಿ ದಾರಿಯಲ್ಲಿ ಕಾರಿನ ಹಾರ್ನು ಕೇಳಿಸಿತು, ಹೇಳಬೇಕಾದದ್ದು ಮನಸ್ಸಿನ ತಳಕ್ಕೆ ಹೋಯಿತು.

ಕೂಸಿನ ಹೆಸರು ಸುಮೇಯಾ. ಕೆಂಪು ಮುಖ, ಮುಷ್ಟಿ ಬಿಚ್ಚದ ಕೈ. ಆ ದಿನ ಮನೆಯಲ್ಲಿ ಹಲ್ವದ ಬೆಣ್ಣೆಯ ಘಮ ಸಂಜೆಯವರೆಗೂ ಇಳಿಯಲಿಲ್ಲ. ಮೀನೆಲಾ ಚಪ್ಪಲಿಯಿಂದ ಕಾಲು ಅರ್ಧ ಹೊರತೆಗೆದು ನೆಲಕ್ಕೆ ಬೆರಳು ತಾಗಿಸಿ, "ಅಯ್ಯೋ ಅತ್ತೆ, ಆಗಷ್ಟೇ ಸುಟ್ಟ ಬ್ರೆಡ್ಡಿನ ಹಾಗೆ ಬೆಚ್ಚಗಿದೆ!" ಎಂದಳು. ಆ ಒಂದು ಮಾತಿಗೆ ಬೆಹಿಯಾಳ ವರ್ಷದ ಭಾರ ಇಳಿಯಿತು.

ಸಂಜೆ ಅವಳು ತೊಟ್ಟಿಲ ಪಕ್ಕ ಕೂತು ನಲವತ್ತು ಸಾಲಿನ ಪದ ಹೇಳಿದಳು. ಬಾಣಂತಿಯ ಒಂದೊಂದು ದಿನಕ್ಕೆ ಒಂದೊಂದು ಸಾಲು. ಆದರೆ ದಿನವೂ ನಲವತ್ತನ್ನೂ ಹೇಳಬೇಕು, ನಡುವೆ ನಿಲ್ಲಬಾರದು. ಅವಳ ಅಜ್ಜಿ ಓದು ಬರಹ ಬಾರದವಳು. ಹಾಲು ಕರೆಯುತ್ತ, ಉಣ್ಣೆ ಬಾಚುತ್ತ ಬಾಯಲ್ಲೇ ಕಲಿಸಿದ ಪದ ಅದು. ರೀಫೆತ್‌ನ ತೊಟ್ಟಿಲಿಗೂ ಅದೇ, ಅಕ್ಕಪಕ್ಕದ ಹತ್ತಾರು ತೊಟ್ಟಿಲಿಗೂ ಅದೇ. ಐವತ್ತು ವರ್ಷದಲ್ಲಿ ಒಂದು ಸಾಲೂ ಜಾರಿರಲಿಲ್ಲ.

ಹೊಸ್ತಿಲಿಗೆ ಒಬ್ಬ ಕಾವಲು, ಹೊಸ್ತಿಲಾಚೆ ಒಬ್ಬ,
ತೊಟ್ಟಿಲಿಗೆ ಕಾವಲು ನೀನೇ, ನಿದ್ದೆಯಿಲ್ಲದವನೆ.

ಮೀನೆಲಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬೆಂಕಿ ಆರಿಸಿ ಮಲಗಿದ ಮೇಲೂ ನೆಲದಲ್ಲಿ ಬಿಸಿ ಬಹಳ ಹೊತ್ತು ಉಳಿದಿತ್ತು.

ಆದರೆ ಬೆಳಗಾಗುವಷ್ಟರಲ್ಲಿ ಗಾಳಿ ತಿರುಗಿತು. ಬೆಟ್ಟದ ಮೇಲಿಂದ ಇಳಿದ ಗಾಳಿ ನೇರ ಗ್ಯಾರೇಜಿನ ಬೆನ್ನಿಗೆ ಬಡಿಯುತ್ತಿತ್ತು. ಬೆಹಿಯಾ ಮುಂಜಾನೆಯ ನಮಾಜು ಮುಗಿಸಿ ಕೋಣೆಗೆ ಇಣುಕಿದಾಗ ಜಾಲರಿಯಿಂದ ಏಳುವ ತಂಪು ತೊಟ್ಟಿಲಿಗೆ ಇಳಿಬಿಟ್ಟ ತೆಳುಪರದೆಯನ್ನು ಅಲ್ಲಾಡಿಸುತ್ತಿತ್ತು. ಅಡ್ಡಗಾಳಿ! ಒಂದು ಸಂದಿನಿಂದ ಬಂದು ಇನ್ನೊಂದು ಸಂದಿನಿಂದ ಹಾಯುವ ಆ ಗಾಳಿಗಿಂತ ಕೆಟ್ಟದ್ದು ಯಾವುದಿದೆ? ಅವಳ ಸೋದರಮಾವ ಬಸ್ಸಿನಲ್ಲಿ ಎರಡು ಕಿಟಕಿಗಳ ನಡುವೆ ಕೂತು ಬಂದವನಿಗೆ ಬಾಯಿ ಸೊಟ್ಟಗಾಯಿತು. ಹಿಂದಿನ ಮನೆಯ ಬಾಣಂತಿಗೆ ಹಾಲೇ ಬತ್ತಿತು. ಆ ಊರಿನ ಜನ ಹಿಮಕ್ಕೆ ಹೆದರರು, ತೋಳಕ್ಕೆ ಹೆದರರು, ಎದುರುಬದುರು ತೆರೆದ ಎರಡು ಬಾಗಿಲಿಗೆ ಹೆದರುತ್ತಾರೆ. ಅದರ ಮೇಲೆ ಇವತ್ತು ಗುರುವಾರ. ಮುಬೇರಾ ಬರುವ ದಿನ.

ಕೆಳಗೆ ಹೋಗಿ ಒಲೆ ಹಚ್ಚಿದಳು. ಪೀಪಾಯಿಯ ಹಿಂದಿನ ಕಿಂಡಿ ಸೀಟಿ ಹೊಡೆಯುತ್ತಿತ್ತು. ಹಿಮದ ಪುಡಿ ಒಳಗೆ ಒಂದು ಗೇಣು ಹರಡಿತ್ತು. ಅವಳು ನಿಂತು ನೋಡಿದಳು. ಮೂಗಂತೆ ಮೂಗು. ಹೊಗೆ ಹೋಗಲು ಕೊಳವೆ ಇದ್ದೇ ಇದೆಯಲ್ಲ; ಗಂಡಸರಿಗೆ ಗೋಡೆಗೆ ತೂತು ಹಾಕುವುದು ಗೊತ್ತೇ ಹೊರತು ಕೂಸಿನ ಕಿವಿಗೆ ಗಾಳಿ ತಾಗಿದರೆ ಏನಾಗುತ್ತದೆಂದು ಗೊತ್ತೇ? ಇವತ್ತೊಂದು ದಿನ, ಗಾಳಿ ಇಳಿಯುವ ತನಕ.

ಮೊದಲು ಗೋಣಿಚೀಲ ತುರುಕಿದಳು. ಗಾಳಿ ಅದನ್ನು ಉಗಿದುಬಿಟ್ಟಿತು. ತೀರಿಹೋದ ಅತ್ತೆಯದೊಂದು ಉಣ್ಣೆಸಹಿತದ ಕುರಿಯ ತೊಗಲು ಅಟ್ಟದ ಮೇಲೆ ಸುತ್ತಿಟ್ಟದ್ದು ನೆನಪಾಯಿತು. ಮೂವತ್ತು ವರ್ಷ ಅತ್ತೆ ಅದರ ಮೇಲೆಯೇ ನಮಾಜು ಮಾಡಿದ್ದು. ಮಂಡಿ ಊರಿದ ಎರಡು ಕಡೆ ಉಣ್ಣೆ ಸವೆದು ಬೋಳಾಗಿತ್ತು. ಕೈಯಲ್ಲಿ ಹಿಡಿದಾಗ ಒಂದು ಗಳಿಗೆ ಅಳುಕಿದಳು. ಇಷ್ಟು ಪ್ರಾರ್ಥನೆ ಕುಡಿದ ತೊಗಲು ಮರಿಮೊಮ್ಮಗಳನ್ನು ಕಾಯಲಿ ಬಿಡು ಎಂದುಕೊಂಡಳು. ಮಡಿಸಿ ತುರುಕಿದರೆ ಆ ಕಿಂಡಿಗೆಂದೇ ಹೊಲಿದಂತೆ ಕೂತಿತು. ಸೀಟಿ ನಿಂತಿತು. ಪೀಪಾಯಿಯನ್ನು ಮರಳಿ ಉರುಳಿಸಿದಳು.

ಹತ್ತು ಗಂಟೆಯ ಹೊತ್ತಿಗೆ ಕೋಣೆ ಎಂದೂ ಇಲ್ಲದಷ್ಟು ಬೆಚ್ಚಗಾಯಿತು. ಮೀನೆಲಾ ಹಾಲೂಡಿಸಿ, ಹಣೆ ಒತ್ತಿಕೊಳ್ಳುತ್ತ, "ತಲೆ ಸಿಡೀತಾ ಇದೆ ಅತ್ತೆ. ಕಿಟಕಿ ಒಂದು ಬೆರಳು ತೆಗೀಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತೆರೆದಳು. ಬೆಹಿಯಾಳ ನಾಲಿಗೆ ತುದಿಗೆ ಬಂದ ಬೈಗುಳವನ್ನು ಬಾಗಿಲ ಗಂಟೆ ತಡೆಯಿತು.

ಮುಬೇರಾ ಆಲೂಗೆಡ್ಡೆ ತುಂಬಿ ಸುಟ್ಟ ಪಿತಾ ರೊಟ್ಟಿಯ ತಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ದಪ್ಪ ಹೆಂಗಸು, ಕೆಂಪು ಬಣ್ಣದ ಕೂದಲು, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಕೋಣೆಗೆ ಕಾಲಿಟ್ಟವಳೇ ನೆಲವನ್ನಲ್ಲ, ಕಿಟಕಿಯನ್ನು ನೋಡಿದಳು.

"ಯಾ ಅಲ್ಲಾ! ಕಿಟಕಿ ತೆಗೆದಿದೀರಾ? ಒಂಬತ್ತು ದಿನದ ಕೂಸು!" ಅವಳು ಕೋಟನ್ನೂ ಕಳಚದೆ ಹೋಗಿ ಕಿಟಕಿ ಬಡಿದು ಚಿಲಕ ಹಾಕಿದಳು.

"ನಾನೂ ಅದನ್ನೇ ಹೇಳೋಳಿದ್ದೆ," ಎಂದಳು ಬೆಹಿಯಾ. "ಈಗಿನ ಹುಡುಗೀರು ಕೇಳಬೇಕಲ್ಲ."

"ಅಮ್ಮಾ, ಉಸಿರು ಕಟ್ಟುತ್ತೆ," ಎಂದಳು ಮೀನೆಲಾ.

"ಉಸಿರು ಕಟ್ಟಿ ಯಾರೂ ಸತ್ತಿಲ್ಲ. ಅಡ್ಡಗಾಳಿಗೆ ಊರೇ ಸತ್ತಿದೆ."

ಬೀಗಿತ್ತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳ ಮದುವೆಯಾದ ನಾಲ್ಕು ವರ್ಷದಲ್ಲಿ ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು.

ಮುಬೇರಾ ಬಗ್ಗಿ, ಅಂಗೈಯನ್ನು ನೆಲದ ಮೇಲಿಟ್ಟಳು. ತೊಟ್ಟಿಲಡಿ ಇಟ್ಟಳು. ಮೂಲೆಗೆ ಹೋಗಿ ಅಲ್ಲೂ ಇಟ್ಟಳು, ಹಿಟ್ಟು ನಾದಿದ್ದು ಸರಿಯೇ ಎಂದು ನೋಡುವವಳ ಹಾಗೆ ಒತ್ತಿದಳು.

"ಹೂಂ," ಎಂದಳು.

"ಹೂಂ ಅಂದ್ರೆ?"

"ಬೆಚ್ಚಗಿದೆ." ಅಷ್ಟು ಹೇಳಲು ಅವಳಿಗೆ ಬಹಳ ಶ್ರಮವಾಯಿತು. "ಗ್ಯಾರೇಜು ಗ್ಯಾರೇಜೇ ಬಿಡಿ. ಆದ್ರೂ ಬೆಚ್ಚಗಿದೆ."

ಮೀನೆಲಾ ನಗಲು ನೋಡಿದಳು. "ಮತ್ತೆ ನಾನು ಇಲ್ಲೇ ಇರ್ತೀನಿ ಅಮ್ಮಾ. ನೀನೇ ನೋಡ್ದೆಯಲ್ಲ." ಹೇಳಿ ಮಂಚದ ಮೇಲೆ ಒರಗಿದಳು. ಕಣ್ಣು ತಾವಾಗಿ ಮುಚ್ಚಿಕೊಂಡವು. ಪಿತಾ ಬೇಡವೆಂದಳು, ವಾಕರಿಕೆ ಬರುತ್ತಿದೆ ಎಂದಳು.

"ಹಾಲು ಕಟ್ಟಿರುತ್ತೆ. ನಿದ್ದೆ ಮಾಡು," ಎಂದಳು ಮುಬೇರಾ. "ನನಗೂ ಯಾಕೋ ತಲೆ ಭಾರ. ನಿಮ್ಮ ಬೆಟ್ಟ ಹತ್ತಿ ಹತ್ತಿ. ಬನ್ನಿ, ಕಾಫಿ ಕುಡಿಯೋಣ."

"ನೀವು ಅಡಿಗೆಮನೆಗೆ ನಡೀರಿ, ನೀರು ಒಲೆ ಮೇಲಿದೆ. ಪದ ಹೇಳಿ ಬರ್ತೀನಿ. ಇವತ್ತಿನದು ಇನ್ನೂ ಹೇಳಿಲ್ಲ."

ಮುಬೇರಾ ಹಳೆಯ ಮನೆಯ ಕಡೆಗೆ ಹೋದಳು. ಆಚೆ ನುಸ್ರೆತ್ ಸೌದೆ ಒಡೆಯುವ ಸದ್ದು ಕೇಳುತ್ತಿತ್ತು. ಬೆಹಿಯಾ ತೊಟ್ಟಿಲ ಪಕ್ಕ ನೆಲದ ಮೇಲೆಯೇ ಕೂತಳು. ಗೆದ್ದೆ ಎಂದು ಅನ್ನಿಸಬೇಕಿತ್ತು. ಬರಿ ಆಯಾಸ ಅನ್ನಿಸಿತು. ಕೂಸು ಅಳಲಿಲ್ಲ, ಕಾಲು ಒದೆಯಲಿಲ್ಲ. ಬೆಚ್ಚಗಿದ್ದರೆ ಮಕ್ಕಳು ಹೀಗೇ ನಿದ್ದೆ ಮಾಡುತ್ತವೆ.

ಪದ ಶುರುಮಾಡಿದಳು. ಹೊಸ್ತಿಲ ಸಾಲು, ಬೀಗದ ಸಾಲು, ನೀರಿನ ಏಳು ಸಾಲು. ಧ್ವನಿ ತನ್ನದಲ್ಲ, ಪಕ್ಕದ ಮನೆಯಿಂದ ಬರುತ್ತಿದೆ ಎನಿಸಿತು.

ಉಪ್ಪಿಗೆ ರುಚಿ ಕೊಟ್ಟವನೆ, ಉಣ್ಣೆಗೆ ಬಿಸಿ ಕೊಟ್ಟವನೆ,

ಮುಂದೆ?

ಅವಳು ಕಾದಳು. ನಾಲಿಗೆಗೆ ದಾರಿ ಗೊತ್ತು. ಮನಸ್ಸು ಬೇರೆಲ್ಲೋ ಇದ್ದರೂ ನಾಲಿಗೆ ತಾನೇ ನಡೆದುಬಿಡುತ್ತಿತ್ತು. ಈಗ ಅದು ನಿಂತಿತು. ಮತ್ತೆ ಮೊದಲಿಂದ ಹಿಡಿದಳು. ಹೊಸ್ತಿಲು, ಬೀಗ, ನೀರು. ಉಪ್ಪಿಗೆ ರುಚಿ ಕೊಟ್ಟವನೆ, ಉಣ್ಣೆಗೆ ಬಿಸಿ ಕೊಟ್ಟವನೆ. ಅಲ್ಲಿ ಮೆಟ್ಟಿಲೇ ಇರಲಿಲ್ಲ. ಇಪ್ಪತ್ಮೂರನೆಯ ಸಾಲು ಇದ್ದ ಜಾಗದಲ್ಲಿ ಬಿಳಿಯ ಬಯಲು.

ಗಂಡ ಸತ್ತನೆಂದು ಸುಳ್ಳು ಸುದ್ದಿ ಬಂದ ಯುದ್ಧದ ದಿನಗಳಲ್ಲೂ, ನೆಲಮಾಳಿಗೆಯ ಕತ್ತಲಲ್ಲಿ ಕೂತು, ಈ ಸಾಲನ್ನು ಅವಳು ಮರೆತವಳಲ್ಲ.

ತಲೆಯೆತ್ತಿ ನೋಡಿದಳು. ಮೀನೆಲಾಳ ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಮಂಚದಿಂದ ಇಳಿಬಿದ್ದಿತ್ತು. ಆ ಕೈ ತಾಗಿ ಮಂಚದ ಬಳಿಯ ಚಹದ ಲೋಟ ಮಗುಚಿ ಜಮಖಾನದ ಮೇಲೆ ಚೆಲ್ಲಿದ್ದರೂ ಅವಳಿಗೆ ಎಚ್ಚರವಿಲ್ಲ. ಕೂಸಿನ ಕೆನ್ನೆ ಗುಲಾಬಿಯಷ್ಟು ಕೆಂಪು. ಒಲೆಗೂ ಉಸಿರು ಬೇಕು. ಮನಸ್ಸಿನ ತಳದಿಂದ ಹಸೀಬನ ಮಾತು ಮೇಲೆದ್ದು ಬಂತು. ನಿಮ್ಮ ಉಸಿರಿಗೇ ಕೈ ಹಾಕುತ್ತೆ.

ಏಳಲು ನೋಡಿದಳು. ಮಂಡಿ ಮಾತು ಕೇಳಲಿಲ್ಲ. ತೊಟ್ಟಿಲ ಅಂಚು ಹಿಡಿದೆದ್ದು, ಗೋಡೆಗೆ ಭುಜ ತಾಗಿಸುತ್ತ ಕಿಟಕಿಗೆ ಹೋದಳು. ಮುಬೇರಾ ಹಾಕಿದ ಚಿಲಕ ಬಿಗಿದಿತ್ತು. ಬೆರಳಲ್ಲಿ ಬಲವಿಲ್ಲ. ಕಾಲಿನ ಚಪ್ಪಲಿ ಕಳಚಿ ಅದರ ಹಿಮ್ಮಡಿಯಿಂದ ಚಿಲಕಕ್ಕೆ ಬಡಿದಳು, ಮತ್ತೊಮ್ಮೆ ಬಡಿದಳು. ಕಿಟಕಿ ಹಾರಿ ತೆರೆಯಿತು. ಬಾಗಿಲಿಗೆ ಬಂದು ಅದನ್ನೂ ಎಳೆದಳು. ಎದುರುಬದುರು. ಬೆಟ್ಟದ ಗಾಳಿ ಪರದೆಯನ್ನು ಎತ್ತಿ ಒಗೆದು, ಕೋಣೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿಕೊಂಡು ಹೋಯಿತು.

"ಮುಬೇರಾ! ರೀ! ಯಾರಾದ್ರೂ ಬನ್ನಿ!"

ಕೂಸನ್ನು ಎದೆಗೆ ಅವುಚಿಕೊಂಡು ಹೊರಮೆಟ್ಟಿಲಿಗೆ ಬಂದು, ಒಂದು ಕಾಲಲ್ಲಿ ಚಪ್ಪಲಿ, ಒಂದರಲ್ಲಿ ಇಲ್ಲ, ಹಿಮದ ಮೇಲೆ ಕುಸಿದು ಕೂತಳು. ಹಿಂದಿನಿಂದ ಮುಬೇರಾ ಮಗಳ ಕಂಕುಳಿಗೆ ಕೈ ಹಾಕಿ, ದೇವರನ್ನು ಕೂಗುತ್ತ, ಎಳೆದು ತರುತ್ತಿದ್ದಳು. ನುಸ್ರೆತ್ ಕೊಡಲಿ ಬಿಸಾಡಿ ಓಡಿ ಬಂದ.

"ಸುಮೇಯಾ," ಎಂದಳು ಬೆಹಿಯಾ. ಹೊದಿಕೆ ಸರಿಸಿದಳು. ಒಂಬತ್ತು ದಿನದ ಮುಖಕ್ಕೆ ಬರಿಯ ಚಳಿ ತಾಗಿತು. "ಸುಮೇಯಾ, ಅಳು. ಅಳೇ ತಾಯಿ."

ಕೂಸು ಅಳಲಿಲ್ಲ. ಹಿಮದ ಹರಳೊಂದು ಅದರ ರೆಪ್ಪೆಯ ಮೇಲೆ ಇಳಿದು ಕರಗಿತು. ಇನ್ನೊಂದು ಇಳಿಯಿತು. ಆಮೇಲೆ ಆ ಪುಟ್ಟ ಮುಖ ಹಿಂಡಿದ ಬಟ್ಟೆಯಂತೆ ಸುಕ್ಕಾಗಿ, ಬಾಯಿ ತೆರೆದು, ಇಡೀ ಕೇರಿಗೆ ಕೇಳುವಂತೆ ಕಿರುಚಿತು.

ಮೀನೆಲಾ ಹಿಮದ ಮೇಲೆ ವಾಂತಿ ಮಾಡಿ, "ನನ್ನ ಮಗು ಎಲ್ಲಿ?" ಎಂದಳು.

ನುಸ್ರೆತ್ ಆಂಬುಲೆನ್ಸಿಗೆ ಫೋನು ಮಾಡಲು ಓಡಿದ. ಕೂಸನ್ನು ಮುಬೇರಾಳ ಮಡಿಲಿಗಿಟ್ಟು ಬೆಹಿಯಾ ಕೆಳಗಿಳಿದಳು, ಯಾರೂ ಅವಳನ್ನು ನೋಡುತ್ತಿರಲಿಲ್ಲ. ಗ್ಯಾರೇಜಿನ ಬಾಗಿಲನ್ನು ಎಳೆದು ತೆರೆದು, ಸೆರಗಿನಂಥ ತಲೆವಸ್ತ್ರದಿಂದ ಮೂಗು ಮುಚ್ಚಿ ಒಳನುಗ್ಗಿ, ಪೀಪಾಯಿ ಉರುಳಿಸಿ ತೊಗಲನ್ನು ಕಿತ್ತಳು. ಒಲೆಯ ಬಾಯಲ್ಲಿ ಮಂಕಾಗಿದ್ದ ಬೆಂಕಿ ಉಸಿರು ಎಳೆದುಕೊಂಡಂತೆ ಧಗ್ಗೆಂದಿತು. ತೊಗಲನ್ನು ಸೌದೆಯ ರಾಶಿಯ ಹಿಂದಕ್ಕೆ ತಳ್ಳಿದಳು. ಏಕೆ ತಳ್ಳಿದಳೆಂದು ಆಗ ಯೋಚಿಸಲಿಲ್ಲ. ಕೈ ತಾನೇ ಮಾಡಿತು.

ಆಂಬುಲೆನ್ಸು ಬೆಟ್ಟ ಹತ್ತಿ ಬರುವಷ್ಟರಲ್ಲಿ ನೆರೆಮನೆಯ ಹಸೀಬ್ ಕೋಟಿಲ್ಲದೆ ಓಡಿ ಬಂದಿದ್ದ. ತಾಯಿ ಮಗುವಿಗೆ ಆಮ್ಲಜನಕದ ಮುಖವಾಡ ಹಾಕುತ್ತಿದ್ದರು. ನರ್ಸು, "ಒಲೆಯ ವಿಷಗಾಳಿ, ಕಣ್ಣಿಗೂ ಕಾಣಲ್ಲ, ಮೂಗಿಗೂ ತಿಳಿಯಲ್ಲ. ಇನ್ನೊಂದು ಅರ್ಧ ಗಂಟೆ ಆಗಿದ್ರೆ ನಮ್ಮನ್ನ ಕರೆಯೋ ಅಗತ್ಯ ಇರ್ಲಿಲ್ಲ," ಎಂದಳು.

ನುಸ್ರೆತ್ ಹಸೀಬನ ಅಂಗಿ ಹಿಡಿದ.

"ಒಲೆ ಕಟ್ತೀಯಾ ನೀನು? ಒಲೆ ಕಟ್ತೀಯಾ? ನನ್ನ ಮೊಮ್ಮಗಳಿಗೆ ಗೋರಿ ಕಟ್ಟಿದ್ದೆಯಲ್ಲೋ!"

"ಬಿಡು, ನೋಡ್ತೀನಿ, ಬಿಡು ನುಸ್ರೆತ್." ಹಸೀಬ್ ಅವನ ಕೈಯಿಂದ ಬಿಡಿಸಿಕೊಂಡು ಗ್ಯಾರೇಜಿಗೆ ಹೋದ. ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕಿಂಡಿ ತೆರೆದೇ ಇತ್ತು, ಗಾಳಿ ಒಳಗೆ ಬರುತ್ತಿತ್ತು. ಕೈಯೊಡ್ಡಿ ನೋಡಿದ. ಕೊಳವೆ ಬಡಿದು ನೋಡಿದ. ಅವನ ಮುಖ ಕ್ಷಣಕ್ಷಣಕ್ಕೆ ಮುದಿಯಾಗುತ್ತಿತ್ತು.

"ಗೊತ್ತಾಗ್ತಿಲ್ಲ," ಎಂದ. "ಮೂಗು ತೆರೆದಿದೆ. ಎಳೀತಾ ಇದೆ. ಆದ್ರೂ... ನನ್ನ ಲೆಕ್ಕವೇ ತಪ್ಪಿತೋ ಏನೋ. ವಯಸ್ಸಾಯ್ತು. ನನ್ನ ಕೈಯಿಂದ ಹೀಗಾಯ್ತಲ್ಲ." ಗಾರೆಯಿಂದ ಬಿರಿದ ಎರಡು ಕೈಗಳನ್ನೂ ಮುಂದೆ ಹಿಡಿದು, ಅವು ಬೇರೆಯವರದೇನೋ ಎಂಬಂತೆ ನೋಡಿಕೊಂಡ.

"ಇನ್ನು ಮೇಲೆ ಈ ಕಣಿವೇಲಿ ಯಾರ ಮನೇಲೂ ನೀನು ಒಂದು ಇಟ್ಟಿಗೆ ಇಡಲ್ಲ. ನಾನು ನೋಡ್ಕೋತೀನಿ," ಎಂದ ನುಸ್ರೆತ್.

ಅಂಗಳದಲ್ಲಿ ನೆರೆಯವರು ಸೇರಿದ್ದರು. ಆಂಬುಲೆನ್ಸಿನ ತೆರೆದ ಬಾಗಿಲಲ್ಲಿ ಮುಬೇರಾ ಕೂಸನ್ನು ಹಿಡಿದು ಕೂತಿದ್ದಳು, ಎಲ್ಲ ನೋಡುತ್ತಿದ್ದಳು. ಅವಳು ನೋಡುತ್ತಿರುವುದು ಬೆಹಿಯಾಳಿಗೆ ಗೊತ್ತಿತ್ತು. ಈಗ ಸುಮ್ಮನಿದ್ದರೆ ಇದು ಒಲೆಯ ತಪ್ಪು, ಮುದುಕನ ತಪ್ಪು. ಬೇರೆ ಒಲೆ ತರಬಹುದು, ಬೇರೆಯವನನ್ನು ಕರೆಯಬಹುದು. ಕೂಸು ಮನೆಗೆ ಮರಳಬಹುದು. ಬಾಯಿ ತೆರೆದರೆ ಆ ಹೆಂಗಸಿನ ಕಿವಿಗೆ ಬೀಳುತ್ತದೆ. ಮೊಮ್ಮಗಳನ್ನು ತನ್ನ ಕೈಯಾರೆ ಉಸಿರು ಕಟ್ಟಿಸಿದ ಅಜ್ಜಿಯ ಹತ್ತಿರ ಯಾವ ತಾಯಿ ತನ್ನ ಮಗಳನ್ನು ಬಿಟ್ಟಾಳು?

ಹಸೀಬ್ ಇನ್ನೂ ಕೈ ನೋಡಿಕೊಳ್ಳುತ್ತಲೇ ಇದ್ದ.

ಬೆಹಿಯಾ ಸೌದೆರಾಶಿಯ ಹಿಂದೆ ಹೋದಳು. ತೊಗಲನ್ನು ಎತ್ತಿ, ಅಂಗಳದ ನಡುವೆ ಬಂದು ನಿಂತಳು. ಅದರ ಮಡಿಕೆಗಳಲ್ಲಿ ಹಿಮವೂ ಇಟ್ಟಿಗೆಯ ಕೆಂಪು ಪುಡಿಯೂ ಅಂಟಿತ್ತು.

"ಹಸೀಬಣ್ಣ ನನಗೆ ಹೇಳಿದ್ದ," ಎಂದಳು. "ಮುಚ್ಚಬೇಡ ಅಂತ. ನಾನು ಮುಚ್ಚಿದೆ. ಬೆಳಿಗ್ಗೆ. ಇದರಿಂದ. ಆಮೇಲೆ ಕಿತ್ತೆ, ಯಾರಿಗೂ ಕಾಣದಿರಲಿ ಅಂತ."

ನುಸ್ರೆತ್ ತೊಗಲನ್ನು ನೋಡಿದ. ತನ್ನ ತಾಯಿಯ ಮಂಡಿಗಳ ಎರಡು ಬೋಳು ಗುರುತು ಅವನಿಗೆ ತಿಳಿಯದೆ ಇರುತ್ತದೆಯೇ.

"ಯಾಕೆ ತಂಗೀ?" ಎಂದು ಹಸೀಬ್ ಕೇಳಿದ. ಅದರಲ್ಲಿ ಸಿಟ್ಟಿರಲಿಲ್ಲ.

"ಅಡ್ಡಗಾಳಿ," ಎಂದಳು ಬೆಹಿಯಾ.

ಸೇರಿದ್ದವರಲ್ಲಿ ಯಾರೂ ನಗಲಿಲ್ಲ. ಒಬ್ಬಳು ಮುದುಕಿ ತನ್ನ ಶಾಲನ್ನು ಕಿವಿಗೆ ಎಳೆದುಕೊಂಡಳು.

ಆಂಬುಲೆನ್ಸಿನೊಳಗಿನಿಂದ ಮುಬೇರಾ, ಯಾರ ಮುಖವನ್ನೂ ನೋಡದೆ, "ಕಿಟಕಿ ಮುಚ್ಚಿದ್ದು ನಾನು," ಎಂದಳು. "ಅವಳು ಉಸಿರು ಕಟ್ಟುತ್ತೆ ಅಂದ್ಲು. ನಾನೇ ಚಿಲಕ ಹಾಕ್ದೆ." ಆಮೇಲೆ ಗಂಟಲು ಸರಿಮಾಡಿಕೊಂಡು, ಎಂದಿನ ಗಟ್ಟಿ ಸ್ವರದಲ್ಲಿ, "ಆದ್ರೂ ಬೀಗಿತ್ತಿ, ಆಸ್ಪತ್ರೆಯಿಂದ ಇವರನ್ನ ನಾನು ನಮ್ಮನೆಗೇ ಕರ್ಕೊಂಡು ಹೋಗ್ತೀನಿ," ಎಂದಳು.

"ಕರ್ಕೊಂಡು ಹೋಗಿ," ಎಂದಳು ಬೆಹಿಯಾ.

ಬಾಗಿಲು ಮುಚ್ಚಿತು.

ಎರಡು ದಿನ ಇಟ್ಟುಕೊಂಡು ನೋಡಿ, ತಾಯಿಗೂ ಮಗುವಿಗೂ ಏನೂ ಆಗಿಲ್ಲವೆಂದು ಆಸ್ಪತ್ರೆಯವರು ಕಳಿಸಿದರು. ನುಸ್ರೆತ್ ಒಂದು ವಾರ ಹೆಂಡತಿಯ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ಹಸೀಬನ ಮನೆಗೆ ಹೋಗಿ ಬಹಳ ಹೊತ್ತು ಕೂತು ಬಂದ. ಮಾರನೆಯ ದಿನ ಇಬ್ಬರೂ ಸೇರಿ ಒಲೆಯನ್ನು ಅಂಗಳಕ್ಕೆ ಎಳೆದರು. ಜಾಲರಿ ಕಿತ್ತು ಆ ಜಾಗಕ್ಕೆ ಗಾರೆ ತುಂಬಿದರು. ಗ್ಯಾರೇಜಿನ ಸೂರಿಗೆ ಹಲಗೆ ಬಡಿದು ಒಳಗೆ ಕುರಿಯುಣ್ಣೆ ತುಂಬುವ ಮಾತಾಯಿತು. ಉಣ್ಣೆ ಸಿಗುವುದು ವಸಂತದಲ್ಲಿ, ಕುರಿಗಳ ತುಪ್ಪಟ ಕತ್ತರಿಸಿದ ಮೇಲೆ. ಅಲ್ಲಿಯವರೆಗೆ ನೆಲ ಹೇಗಿತ್ತೋ ಹಾಗೆ. ಗೋಡೆಯ ಕಿಂಡಿಯನ್ನು ಮುಚ್ಚುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ, ಅಥವಾ ನೆನಪಾದರೂ ಯಾರೂ ಮುಚ್ಚಲಿಲ್ಲ.

ಹೆರಿಗೆಯಾಗಿ ಇಪ್ಪತ್ಮೂರನೆಯ ದಿನ, ಮಧ್ಯಾಹ್ನ, ಬೆಹಿಯಾ ಖಾಲಿ ತೊಟ್ಟಿಲ ಧೂಳು ಒರೆಸುತ್ತಿದ್ದಾಗ ಫೋನು ಬಂತು.

"ಅತ್ತೆ," ಎಂದಳು ಮೀನೆಲಾ. ಸ್ವರ ತಗ್ಗಿತ್ತು, ಹಿಂದೆ ಎಲ್ಲೋ ಮುಬೇರಾ ಪಾತ್ರೆ ತೊಳೆಯುವ ಸದ್ದು. "ಸುಮೇಯಾ ಮಲಗ್ತಾನೇ ಇಲ್ಲ ಅತ್ತೆ. ಬೆಳಿಗ್ಗೆಯಿಂದ ಒಂದೇ ರಂಪ. ಅಮ್ಮಂಗೆ ಆ ಪದ ಬರಲ್ಲ. ಫೋನ್ ಅವಳ ಕಿವಿ ಹತ್ರ ಇಡ್ತೀನಿ. ಹೇಳ್ತೀರಾ?"

ಬೆಹಿಯಾ ಆ ದಿನದಿಂದ ಪದವನ್ನು ಬಾಯಿಗೆ ತಂದಿರಲಿಲ್ಲ. ಸಾಲು ಮರಳಿ ಬಂದಿದೆಯೋ ಇಲ್ಲವೋ ಎಂದು ಹುಡುಕಲೂ ಅವಳಿಗೆ ಧೈರ್ಯವಾಗಿರಲಿಲ್ಲ.

"ಇಡಮ್ಮಾ," ಎಂದಳು.

ಅತ್ತೆಯ ತೊಗಲನ್ನು ಹಾಸಿ, ಬೋಳಾದ ಎರಡು ಗುರುತಿನ ಮೇಲೆ ತನ್ನ ಮಂಡಿಗಳನ್ನು ಊರಿದಳು. ನೆಲದ ಚಳಿ ಅದರ ಮೂಲಕವೂ ಮೆಲ್ಲಗೆ ಏರಿ ಬಂತು. ಕಿಟಕಿ ಒಂದು ಬೆರಳಷ್ಟು ತೆರೆದಿತ್ತು. ಅವಳು ಅದನ್ನು ನೋಡಿದಳು, ಏಳಲಿಲ್ಲ. ಫೋನಿನಲ್ಲಿ ಸಣ್ಣದೊಂದು ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಹೊಸ್ತಿಲ ಸಾಲಿನಿಂದ ಹಿಡಿದಳು, 'ಹೊಸ್ತಿಲಿಗೆ ಒಬ್ಬ ಕಾವಲು'. ಬೀಗ ದಾಟಿದಳು, ನೀರಿನ ಏಳನ್ನೂ ಒಂದೊಂದಾಗಿ ದಾಟಿದಳು. ಉಪ್ಪಿಗೆ ರುಚಿ ಕೊಟ್ಟವನೆ. ಪರದೆಯ ಅಂಚು ಮೆಲ್ಲಗೆ ಅಲ್ಲಾಡಿತು. ಉಣ್ಣೆಗೆ ಬಿಸಿ ಕೊಟ್ಟವನೆ, ಎಂದು ಹೇಳಿ, ಬೆಹಿಯಾ ಉಸಿರು ಎಳೆದುಕೊಂಡಳು.